ಸಿಗ್ನಲ್‌ನ್ಯಾಗ ಗಾಡಿ ಬಂದ್ ಬೀಳ್ಲಕತ್ತದಾ? ರೇಸ್ ಸ್ಕ್ರೂ ಕಡೀಗಿ ತಿರುಗಿಸ್ರಿ

ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿ ಬಿಸಲು, ಕಲಬುರಗಿ ಜಗತ್ ಸರ್ಕಲ್‌ನ್ಯಾಗ ಮುಂದ ಆಟೋ ಹಿಂದ ಬಸ್ಸು, ಅಂಥಾದ್ರಾಗ ಎಕ್ಸಲೇಟರ್ ಬಿಟ್ಟ ಕೂಡ್ಲೇ ಗಾಡಿ ಗುಡುಗುಡು ಅಂದು ಬಂದ್ ಬೀಳೋದು, ಕಿಕ್ ಹೊಡಿಯೋದು, ಎರಡು ಹೆಜ್ಜಿ ಹೋಗೋದ್ರಾಗ ಮತ್ತ ಬಂದ್, ಹಿಂದಿನವ್ರು ಹಾರ್ನ್ ಮ್ಯಾಲ ಹಾರ್ನ್. ನಂದು 2009ರ ಹೀರೋ ಹೋಂಡಾ ಸ್ಪ್ಲೆಂಡರ್, ಎರಡು ಬ್ಯಾಸಗಿ ಪೂರಾ ಇದೇ ಗೋಳು ಅನುಭವಿಸೀನಿ. ಎರಡು ಕಡಿ ತೋರಿಸ್ದೆ, ಎರಡೂ ಕಡಿ ಒಂದೇ ಕೆಲಸ ಆಯ್ತು. ಸ್ಕ್ರೂಡ್ರೈವರ್ ತಗೊಂಡು ರೇಸ್ ಸ್ಕ್ರೂ (ಎಕ್ಸಲೇಟರ್ ಜರಾ ತೆರೆದು ಹಿಡಿಯೋ ಸ್ಕ್ರೂ) ಅರ್ಧ ಸುತ್ತು ಒಳಗ, "ತಗೋರಿ ಅಣ್ಣಾ ಆಯ್ತು". ನಾಕು ದಿನ ನೆಟ್ಟಗ ನಡೀತು, ಐದನೇ ದಿನ ಮತ್ತ ಅದೇ ಹಾಡು. ಮ್ಯಾಲಾಗಿ ಮುಂಜಾನಿ ಥಂಡಿ ಇಂಜಿನ್ ಸ್ಟಾರ್ಟ್ ಮಾಡಿದ್ರ ಸಂದೀ ಮಂದಿಯೆಲ್ಲಾ ಏಳಬೇಕು ಹಂಗ ಚೀರ್ತಿತ್ತು, ಎವರೇಜ್ ಬ್ಯಾರೆ ಬಿತ್ತು.

ಬಂದ್ ಬೀಳೋ ಗಾಡಿಗಿ ರೇಸ್ ಏರಿಸೋದಂದ್ರ ಮಾಳಿಗಿ ಸೋರ್ಲಕತ್ರ ಕೆಳಗ ಬೋಗಾಣಿ ಇಟ್ಟಂಗ. ನೀರು ನೆಲಕ್ಕ ಬೀಳಲ್ಲ ಖರೇ, ಮಾಳಿಗಿ ಮಾತ್ರ ಸೋರ್ಲಕತ್ತೇ ಇರ್ತದ. ಕಡೀಗಿ ನಾನೇ ಒಂದು ಐತವಾರ ಕೂತು ಬಿಚ್ಚಿ ನೋಡ್ದೆ, ಆವಾಗ ಏನ್ ಸಿಕ್ತು ಅದನ್ನ ಮುಂದ ಹೇಳ್ತೀನಿ. ನಾ ಮಿಸ್ತ್ರಿ ಅಲ್ಲ, ಆದ್ರ ಆಮ್ಯಾಲ ಮನಿಯವರ್ದು ಗೆಳೆಯರ್ದು ಅಂತ ಭಾಳ ಗಾಡಿ ನೋಡೀನಿ, ಅದರಾಗಿಂದು ಬರದೀನಿ.

ಮೊದ್ಲು ಇದು ನಡಿಯೋದು ಹ್ಯಾಂಗ ಅಂತ ಜರಾ ತಿಳ್ಕೋರಿ, ಇದು ತಿಳೀತಂದ್ರ ಅರ್ಧ ಕೆಲಸ ಮುಗೀತು. ಎಕ್ಸಲೇಟರ್ ಬಿಟ್ಟಾಗ ಇಂಜಿನ್ ಮೆಲ್ಲಗ ತಿರುಗೋದಕ್ಕ ನಮ್ ಕಡಿ ಸ್ಲೋ ಅಂತಾರ, ಪುಸ್ತಕದಾಗ ಐಡ್ಲಿಂಗ್ ಅಂತಿರ್ತದ. ಎಕ್ಸಲೇಟರ್ ಪೂರಾ ಬಿಟ್ಟಾಗ ಗಾಳಿ ಪೆಟ್ರೋಲ್ ಕಲಸೋ ಕಾರ್ಬೋರೇಟರ್ ಒಳಗಿನ ದೊಡ್ಡ ಹಾದಿ ಹತ್ತತ್ರ ಮುಚ್ಚಿರ್ತದ, ಇಂಜಿನ್ ಆವಾಗ ಬದುಕೋದು ಪೈಲಟ್ ಜೆಟ್ ಅನ್ನೋ ಒಂದು ಹಿತ್ತಾಳಿ ತುಣುಕಿನ ಮ್ಯಾಲ, ಅದರ ತೂತು ಅರ್ಧ ಮಿಲಿಮೀಟರ್‌ಗಿಂತ ಸಣ್ಣದು. ಸ್ಪ್ಲೆಂಡರ್ ಇಂಜಿನ್ 97.2 ಸಿಸಿ, ನಿಂತಾಗ ನಿಮಿಷಕ್ಕ ಸುಮಾರು 1400 ಸುತ್ತು ತಿರುಗಬೇಕು, ಅಷ್ಟು ಸಣ್ಣ ಇಂಜಿನ್ ಅಷ್ಟು ಮೆಲ್ಲಗ ತಿರುಗೋ ಮುಂದ ಒಳಗ ಹೋಗೋ ಗಾಳಿ ಪೆಟ್ರೋಲ್ ಎರಡೂ ಭಾಳ ಥೋಡೆ. ಅದಕ್ಕೇ ಒಂದು ಧೂಳಿನ ಕಣ ಸಿಕ್ಕೊಂಡ್ರೂ, ಎಲ್ಲೋ ಸೂಜಿ ಮೊನಿಯಷ್ಟು ಗಾಳಿ ಸೋರಿದ್ರೂ ಲೆಕ್ಕ ತಪ್ಪಿ ಬಂದ್ ಬೀಳ್ತದ. ಅದೇ ಗಾಡಿ ರಿಂಗ್ ರೋಡ್‌ನ್ಯಾಗ 50ರ ಮ್ಯಾಲ ಹೋಗ್ಲಕತ್ತಾಗ ದೊಡ್ಡ ಜೆಟ್ ಕೆಲಸ ಮಾಡ್ತಿರ್ತದ, ಗಾಳಿ ರಾಶಿಗಟ್ಟಲೆ ಹೋಗ್ತಿರ್ತದ, ಸಣ್ಣ ಸೋರಿಕಿ ಗೊತ್ತೇ ಆಗಲ್ಲ. "ಓಡ್ತಿದ್ರ ಚಲೋ ಓಡ್ತದರಿ, ನಿಂತ್ರೇ ಬಂದ್" ಅಂತ ಎಲ್ಲಾರೂ ಹೇಳೋದು ಇದಕ್ಕೇ.

ಪಾನಾ ಹಿಡಿಯೋಕ್ಕಿಂತ ಮೊದ್ಲು ಎರಡು ದಿನ ಸುಮ್ನ ಗಾಡಿ ನೋಡ್ರಿ. ಥಂಡಿ ಇದ್ದಾಗ ಬಂದ್ ಬೀಳ್ತದೋ, ಬಿಸಿ ಆದಮ್ಯಾಲೋ? ರೇಸ್ ಕೊಟ್ಟು ಬಿಟ್ರ ಲಗು ಕೆಳಗ ಇಳೀತದೋ, ಇಲ್ಲಾ ಮ್ಯಾಲೇ ನಿಂತು ಆಮ್ಯಾಲ ಇಳೀತದೋ? ನ್ಯೂಟ್ರಲ್‌ದಾಗ ಬರಾಬರ್ ಇದ್ದು ಗೇರ್ ಹಾಕಿದ್ರ ಸಾಯ್ತದೋ? ಹತ್ತು ಕಿಲೋಮೀಟರ್ ಹೋದಮ್ಯಾಲ ಸಾಯ್ತದೋ? ಇಷ್ಟಕ್ಕ ಉತ್ತರ ಗೊತ್ತಿದ್ರ ಮಿಸ್ತ್ರಿ ಹಂತ್ಯಾಕ ಹೋದ್ರೂ ಅಂವ ಸುಮ್ ಸುಮ್ನ ಇದು ಬದಲಿ ಅದು ಬದಲಿ ಅನ್ನಲ್ಲ.

ಒಂದು ನಗೋ ಮಾತು ಹೇಳ್ತೀನಿ. ನಮ್ ಮಾಮಾ ಹೊಸ ಗಾಡಿ ತಗೊಂಡಿದ್ರು, ಹುಮ್ನಾಬಾದ್ ಬೇಸ್ ಹಂತ್ಯಾಕ ನಿಂತಾಗೆಲ್ಲಾ ಬಂದ್ ಬೀಳ್ತದ ಅಂತ ಫೋನ್ ಮಾಡಿ ಕಂಪನಿಯವ್ರಿಗಿ ಬೈಲಕತ್ತಿದ್ರು. ಹೋಗಿ ನೋಡಿದ್ರ ಅದು ಐ3ಎಸ್ ಇರೋ ಗಾಡಿ. ನ್ಯೂಟ್ರಲ್‌ದಾಗ ಐದು ಸೆಕೆಂಡ್ ಸುಮ್ನ ಬಿಟ್ರ ಪೆಟ್ರೋಲ್ ಉಳಿಸ್ಲಿಕ್ಕ ಅದೇ ತಾನಾಗಿ ಬಂದ್ ಆಗ್ತದ, ಕ್ಲಚ್ ಒತ್ತಿದ್ರ ಮತ್ತ ಚಾಲೂ. ಹೀರೋದವ್ರು 2014ರಾಗ ಸ್ಪ್ಲೆಂಡರ್ ಐಸ್ಮಾರ್ಟ್ ಜೋಡಿ ಇದನ್ನ ತಂದಿದ್ದು, ಆಮ್ಯಾಲ ಬ್ಯಾರೆ ಮಾಡೆಲ್‌ಗೂ ಬಂತು. ಹ್ಯಾಂಡಲ್ ಮ್ಯಾಲ ಅದಕ್ಕ ಬಟನ್ ಇರ್ತದ, ಬ್ಯಾಡಾದ್ರ ಆಫ್ ಮಾಡ್ರಿ. ಮಾಮಾ ಇವತ್ತಿಗೂ "ಅದು ಫಾಲ್ಟೇ ಇತ್ತು, ನೀ ಬಂದಮ್ಯಾಲ ಸರಿ ಆಯ್ತು" ಅಂತಾರ, ನಾನೂ ಹೂಂ ಅಂದೀನಿ.

ಗೇರ್ ಹಾಕಿದ್ರ ಮಾತ್ರ ಬಂದ್ ಬೀಳೋದು ಇದ್ರ ಕಾರ್ಬೋರೇಟರ್ ಮುಟ್ಟಬ್ಯಾಡ್ರಿ, ಅದು ಕ್ಲಚ್ ಕೆಲಸ. ಕ್ಲಚ್ ಪೂರಾ ಹಿಡಿದ್ರೂ ಒಳಗ ಪ್ಲೇಟ್ ಬಿಡಲ್ಲ, ಇಂಜಿನ್ ಗಾಡಿ ಎಳಿಲಿಕ್ಕ ನೋಡ್ತದ, ಆಗಲ್ಲ, ಸಾಯ್ತದ. ಲಿವರ್ ತುದಿಗಿ 10ರಿಂದ 20 ಮಿಲಿಮೀಟರ್ ಆಟ ಇರಬೇಕು, ಅದಕ್ಕಿಂತ ಹೆಚ್ಚು ಇದ್ರ ಕೇಬಲ್ ಸಡ್ಲ ಆಗ್ಯದ, ಅಡ್ಜಸ್ಟರ್ ತಿರುಗಿಸ್ರಿ. ಹೊಸ ಗಾಡಿದಾಗ ಸೈಡ್ ಸ್ಟ್ಯಾಂಡ್ ಸ್ವಿಚ್‌ನ್ಯಾಗ ಕೆಸರು ಕೂತ್ರೂ ಗೇರ್ ಹಾಕಿದ ಕೂಡ್ಲೇ ಇಂಜಿನ್ ಬಂದ್ ಆಗ್ತದ, ನಮ್ ಎರಿ ಹೊಲದ ಕೆಸರು ಒಣಗಿದ್ರ ಸಿಮೆಂಟ್ ಇದ್ದಂಗ, ನೀರು ಹಾಕಿ ನೆನಿಸಿ ತೊಳೀರಿ.

ಈಗ ಪೆಟ್ರೋಲ್. ಐದು ಹತ್ತು ಕಿಲೋಮೀಟರ್ ಚಲೋ ಹೋಗಿ ಆಮ್ಯಾಲ ಸ್ಲೋ ಬಿದ್ದು ಬಿದ್ದು ಬಂದ್ ಆಗ್ತದ, ಐದು ನಿಮಿಷ ನಿಂತ್ರ ಮತ್ತ ಸ್ಟಾರ್ಟ್ ಆಗ್ತದ ಅಂದ್ರ ಟಾಕಿ ಮುಚ್ಚಳ ತೆಗೀರಿ. ಫುಸ್ಸ್ ಅಂತ ಗಾಳಿ ಒಳಗ ಎಳಕೊಂಡ್ರ ಮುಚ್ಚಳದ ಗಾಳಿ ತೂತು ಬಂದ್ ಆಗ್ಯದ ಅಂತ ತಿಳ್ಕೋರಿ. ಪೆಟ್ರೋಲ್ ಕೆಳಗ ಇಳಿದಷ್ಟು ಗಾಳಿ ಮ್ಯಾಲಿಂದ ಬರಬೇಕು, ಬರಲಿಲ್ಲಂದ್ರ ಇಳಿಯೋದು ನಿಂತೋಗ್ತದ. ಸೇಡಂ, ಮಳಖೇಡ, ವಾಡಿ ಕಡಿ ದಿನಾ ಓಡಾಡೋ ಗಾಡಿಗಿ ಸಿಮೆಂಟ್ ಧೂಳಿನಿಂದ ಇದು ಆಗೋದು ಭಾಳ, ಶಹಾಬಾದ್ ಕಡಿ ಕಲ್ಲಿನ ಧೂಳು. ಆ ತೂತಿಗಿ ಗಾಳಿ ಹೊಡದು, ಸಣ್ಣ ತಂತಿ ಹಾಕಿ ಬಿಡಿಸಿದ್ರ ಮುಗೀತು, ಒಂದು ರೂಪಾಯಿ ಖರ್ಚಿಲ್ಲ.

ಮಳಿಗಾಲದಾಗ ಆದ್ರ ನೀರಿನ ಮ್ಯಾಲ ಅನುಮಾನ ಇಡ್ರಿ. ಕಾರ್ಬೋರೇಟರ್ ಕೆಳಗಿನ ಬಟ್ಟಲಕ್ಕ ಒಂದು ಡ್ರೇನ್ ಸ್ಕ್ರೂ ಇರ್ತದ, ಟಾಕಿ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿ ಆ ಸ್ಕ್ರೂ ಸಡ್ಲ ಮಾಡಿ ಬರೋ ಪೆಟ್ರೋಲ್ ಒಂದು ಗಾಜಿನ ಗ್ಲಾಸಿನ್ಯಾಗ ಹಿಡೀರಿ. ನೀರು ಇದ್ರ ತಳಕ್ಕ ಹೋಗಿ ಗುಂಡು ಗುಂಡಾಗಿ ಬ್ಯಾರೆ ಕೂಡ್ತದ, ಕಸ ಇದ್ರ ಅದೂ ಕಾಣ್ತದ. ಈಗಿನ ಪೆಟ್ರೋಲ್‌ದಾಗ 20 ಪರ್ಸೆಂಟ್ ತನಕ ಎಥನಾಲ್ ಇರ್ತದ, ಎಥನಾಲ್ ಗಾಳ್ಯಾಗಿನ ತೇವ ಎಳಕೋತದ, ಹೆಚ್ಚಾದ್ರ ನೀರು ಎಥನಾಲ್ ಎರಡೂ ಕೂಡಿ ಪೆಟ್ರೋಲ್ ಬಿಟ್ಟು ಟಾಕಿ ತಳಕ್ಕ ಹೋಗಿ ಕೂಡ್ತಾವ. ಅದಕ್ಕ ಗಾಡಿ ತಿಂಗಳಗಟ್ಟಲೆ ನಿಲ್ಲಿಸೋದಿದ್ರ ಟಾಕಿ ಅರ್ಧ ಇಡಬ್ಯಾಡ್ರಿ, ತುಂಬಿಸೇ ಇಡ್ರಿ. ಹಳ್ಳಿ ಕಡಿ ಬಾಟ್ಲಿನ್ಯಾಗ ಮಾರೋ ಪೆಟ್ರೋಲ್ ತಾಪತ್ರಯಕ್ಕ ಒಂದು ಲೀಟರ್ ಹಾಕಿಸ್ಕೊಳ್ರಿ, ದಿನಾ ಹಾಕಿಸ್ಬ್ಯಾಡ್ರಿ, ಅದರಾಗ ಏನ್ ಏನ್ ಕೂಡೇದ ಅಂತ ಆ ದೇವ್ರಿಗೇ ಗೊತ್ತು.

ಏರ್ ಫಿಲ್ಟರ್ ಬಗ್ಗಿ ಜಾಸ್ತಿ ಹೇಳಲ್ಲ. ತುಂಬಿದ ಫಿಲ್ಟರ್ ಸ್ಲೋ ಕೆಡಿಸೋದಕ್ಕಿಂತ ಓಡೋ ಮುಂದ ಪಿಕಪ್ ಕೆಡಿಸೋದು ಹೆಚ್ಚು, ಆದ್ರ ಪೂರಾ ತುಂಬ್ಯದ ಅಂದ್ರ ಸ್ಲೋನೂ ಕೆಡ್ತದ, ಸೈಲೆನ್ಸರ್‌ನ್ಯಾಗ ಕರಿ ಹೊಗಿ ಬರ್ತದ. ತೊಗರಿ ರಾಶಿ ಮಾಡೋ ಟೈಮ್, ಡಿಸೆಂಬರ್ ಜನವರಿ, ಹೊಲಕ್ಕ ಹೋಗಿ ಬರೋ ಗಾಡಿ ಫಿಲ್ಟರ್ ಒಮ್ಮೆ ತೆಗೆದು ನೋಡ್ರಿ, ನಿಮಗೇ ಅಸಹ್ಯ ಆಗ್ತದ. ಸ್ಪಂಜ್ ಫಿಲ್ಟರ್ ಇದ್ರ ತೊಳದು ಒಣಗಿಸಿ ಜರಾ ಎಣ್ಣಿ ಹಚ್ಚಿ ಹಾಕ್ಬೋದು. ಎಣ್ಣಿ ಪಸಿ ಇರೋ ಕಾಗದದ ಫಿಲ್ಟರ್ ಇದ್ರ ಗಾಳಿ ಹೊಡಿಯೋದು ತೊಳಿಯೋದು ಬ್ಯಾಡ, ಬದಲಿ ಮಾಡ್ರಿ, ಕಂಪನಿ ಹೇಳಿದ ಕಿಲೋಮೀಟರ್ ತನಕ ನಮ್ ಧೂಳಿನ್ಯಾಗ ಅದು ತಾಳಲ್ಲ.

ಇನ್ನ ನನ್ ಗಾಡಿ ರೋಗಕ್ಕ ಬರ್ತೀನಿ. ರೇಸ್ ಕೊಟ್ಟು ಬಿಟ್ರ ನಂದು ಲಗು ಇಳೀತಿರ್ಲಿಲ್ಲ, ಹುಂಯ್ಯ್ ಅಂತ ಮ್ಯಾಲೇ ನಿಂತು, ಆಮ್ಯಾಲ ಮನಸ್ಸಿಗಿ ಬಂದಾಗ ಕೆಳಗ ಇಳದು ಒಮ್ಮಿಂದೊಮ್ಮೆ ಸಾಯ್ತಿತ್ತು. ಒಂದು ದಿನ ಮ್ಯಾಲ, ಒಂದು ದಿನ ಕೆಳಗ, ಸೆಟ್ ಮಾಡಿದ್ದು ನಿಲ್ತಿರ್ಲಿಲ್ಲ. ಹಿಂಗ ಇದ್ರ ಮೊದ್ಲು ಎಕ್ಸಲೇಟರ್ ಕೇಬಲ್ ನೋಡ್ರಿ, ಹಿಡಿಕಿ ತಿರುಗಿಸೋ ಮುಂದ 2ರಿಂದ 6 ಮಿಲಿಮೀಟರ್ ಖಾಲಿ ಆಟ ಇರಬೇಕು, ಗಾಡಿ ನಿಂತಲ್ಲೇ ಚಾಲೂ ಇಟ್ಟು ಹ್ಯಾಂಡಲ್ ಪೂರಾ ಎಡಕ್ಕ ಪೂರಾ ಬಲಕ್ಕ ತಿರುಗಿಸ್ರಿ, ರೇಸ್ ಏರಿದ್ರ ಕೇಬಲ್ ಎಲ್ಲೋ ಎಳೀಲಕತ್ತದ. ಚೋಕ್ (ಥಂಡಿ ಇಂಜಿನ್ ಸ್ಟಾರ್ಟ್ ಮಾಡ್ಲಿಕ್ಕ ಪೆಟ್ರೋಲ್ ಪಾಲು ಹೆಚ್ಚಿಸೋದು) ಪೂರಾ ಬಂದ್ ಆಗ್ಯದೋ ಇಲ್ಲೋ ಅದೂ ನೋಡ್ರಿ, ಹ್ಯಾಂಡಲ್‌ಗಿ ಚೋಕ್ ಇರೋ ಗಾಡಿದಾಗ ಆ ಕೇಬಲ್ ತುಕ್ಕು ಹಿಡದು ನಡುವೇ ನಿಂತಿರ್ತದ. ಇವೆರಡೂ ಸರಿ ಇದ್ರ ಮುಂದಿನ ಕಳ್ಳ ಏರ್ ಲೀಕ್.

ಕಾರ್ಬೋರೇಟರ್ ದಾಟಿ ಇಂಜಿನ್‌ಗಿ ಹೋಗೋ ಹಾದ್ಯಾಗ ಎಲ್ಲಾದ್ರೂ ಸಂದು ಇದ್ರ ಇಂಜಿನ್ ಅಲ್ಲಿಂದ ಕಳ್ಳ ಗಾಳಿ ಎಳಕೋತದ, ಆ ಗಾಳಿ ಜೋಡಿ ಪೆಟ್ರೋಲ್ ಇರಲ್ಲ. ಪಲ್ಸರ್, ಯೂನಿಕಾರ್ನ್ ಅಂಥಾವಕ್ಕ ಅಲ್ಲಿ ರಬ್ಬರ್ ಇರ್ತದ, ಬಿಸಲಿಗಿ ವರ್ಷಗಟ್ಟಲೆ ಬೆಂದು ಗಟ್ಟಿ ಆಗಿ ಸೀಳ್ತದ, ಸೀಳು ಕೆಳಗಿನ ಕಡಿ ಇರ್ತದ ಅದಕ್ಕ ಕಣ್ಣಿಗಿ ಬೀಳಲ್ಲ. ಹಳೇ ಸ್ಪ್ಲೆಂಡರ್‌ಗಿ ಅಲ್ಯೂಮಿನಿಯಂ ಪೈಪ್, ಅದರ ಜೋಡಿ ಓ-ರಿಂಗ್, ಅಂದ್ರ ದುಂಡನೆ ರಬ್ಬರ್ ಬಳಿ. ಪತ್ತೆ ಹಚ್ಚೋದು ಹ್ಯಾಂಗಂದ್ರ ಇಸ್ತ್ರಿ ಅಂಗಡಿಯವ್ರು ಬಟ್ಟಿಗಿ ನೀರು ಹೊಡಿಯೋ ಬಾಟ್ಲಿ ಇರ್ತದಲ್ಲ, ಅದು ತಗೋರಿ, ಗಾಡಿ ಸ್ಲೋದಾಗ ಬಿಟ್ಟು ಕಾರ್ಬೋರೇಟರ್ ಮತ್ತ ಇಂಜಿನ್ ನಡುವಿನ ಜೋಡಿಗಿ ಎಲ್ಲಾ ಸುತ್ತ ಜರಾ ಜರಾ ನೀರು ಹೊಡೀರಿ, ಪ್ಲಗ್ ಕ್ಯಾಪ್ ಮ್ಯಾಲ ಬೀಳದಂಗ ನೋಡ್ಕೋರಿ. ಯಾವ ಜಾಗಕ್ಕ ನೀರು ಬಿದ್ದಾಗ ಇಂಜಿನ್ ಆವಾಜ್ ಬದಲಾಗ್ತದೋ ಅಲ್ಲೇ ಸೀಳು. ಕೆಲವರು ಇದಕ್ಕ ಪೆಟ್ರೋಲೋ ಕಾರ್ಬೋರೇಟರ್ ಸ್ಪ್ರೇನೋ ಹೊಡೀತಾರ, ಬಿಸಿ ಸೈಲೆನ್ಸರ್ ಬಾಜೂಕ ಅದು ಬೆಂಕಿ ಆಟ, ಬ್ಯಾಡ್ರಿ. ಕೆಲಸ ಮಾಡೋ ಮುಂದ ಬೀಡಿ ಸಿಗರೇಟ್ ದೂರ ಇಡ್ರಿ ಅಂತ ಬ್ಯಾರೆ ಹೇಳಬೇಕಾ, ಹೇಳಬೇಕು, ಯಾಕಂದ್ರ ನಾ ಕಣ್ಣಾರೆ ನೋಡೀನಿ. ಬಾಗಲಾ ಹಾಕಿದ ಖೋಲಿನ್ಯಾಗೂ ಗಾಡಿ ಚಾಲೂ ಇಡಬ್ಯಾಡ್ರಿ, ಆ ಹೊಗ್ಯಾಗಿನ ವಿಷ ಗಾಳಿ ವಾಸನಿ ಇಲ್ಲದೇ ಕೊಲ್ತದ.

ನಂದ್ರಾಗ ನೀರು ಬಿದ್ದ ಕೂಡ್ಲೇ ಆವಾಜ್ ತಗ್ಗಿ ನೆಟ್ಟಗ ಆಯ್ತು. ಬಿಚ್ಚಿ ನೋಡಿದ್ರ ಓ-ರಿಂಗ್ ದುಂಡಗ ಇರೋದು ಹೋಗಿ ಚಪಾತಿ ಆಗ್ಯದ, ಉಗುರು ಹಾಕಿದ್ರ ಪ್ಲಾಸ್ಟಿಕ್ ಇದ್ದಂಗ ಟಕ್ ಅಂತದ. ಸೂಪರ್ ಮಾರ್ಕೆಟ್ ಕಡಿ ಹೋಗಿ ಹೊಸದು ತಂದೆ, 20 ರೂಪಾಯಿ. ಎರಡು ವರ್ಷದ ಗೋಳು 20 ರೂಪಾಯಿದು! ಹಾಕೋ ಮುಂದ ಒಂದು ನೆನಪಿಡ್ರಿ, ಕಾರ್ಬೋರೇಟರ್ ಹಿಡಿಯೋ ಎರಡು ನಟ್ಟು ಜೋರು ಹಾಕಿ ಬಿಗೀಬ್ಯಾಡ್ರಿ, ಒಂದು ಸಲ ಈ ಕಡಿ ಒಂದು ಸಲ ಆ ಕಡಿ ಜರಾ ಜರಾ ಬಿಗೀತಾ ಹೋಗ್ರಿ, ಇಲ್ಲಂದ್ರ ಕಾರ್ಬೋರೇಟರ್ ಮುಖ ಬಾಗಿ ಹೊಸ ಓ-ರಿಂಗ್ ಹಾಕಿದ್ರೂ ಲೀಕ್ ಇದ್ದೇ ಇರ್ತದ. ಇಂಜಿನ್ ಸುತ್ತ ಸಣ್ಣ ಕರಿ ವ್ಯಾಕ್ಯೂಮ್ ಪೈಪ್ ಇದ್ರ ಅವನ್ನೂ ನೋಡ್ರಿ, ಮನಿ ಮುಂದ ನಿಂತ ಗಾಡಿದು ಇಲಿ ಕಡದಿರ್ತಾವ.

ಪ್ಲಗ್ ಬಿಚ್ಚಿ ಬಣ್ಣ ನೋಡೋದು ಎಲ್ಲಾರಿಗೂ ಗೊತ್ತು. ಚಹಾ ಬಣ್ಣ ಇದ್ರ ಚಲೋ. ಒಣ ಮಸಿ ಹಿಡದಿದ್ರ ಪೆಟ್ರೋಲ್ ಹೆಚ್ಚು, ಸುಣ್ಣದಂಗ ಬೆಳ್ಳಗ ಇದ್ರ ಪೆಟ್ರೋಲ್ ಕಡಿಮಿ ಇಲ್ಲಾ ಏರ್ ಲೀಕ್, ಎಣ್ಣಿ ಹಸಿ ಇದ್ರ ಪಿಸ್ಟನ್ ರಿಂಗೋ ವಾಲ್ ಸೀಲೋ ಹೋಗ್ಯಾವ, ಅದು ಬ್ಯಾರೆನೇ ಕಥಿ. ಗ್ಯಾಪ್ ಎಷ್ಟು ಅಂತ ನಿಮ್ ಗಾಡಿ ಪುಸ್ತಕದಾಗ ಇರ್ತದ, ಸುಮಾರು ಗಾಡಿಗಿ 0.6ರಿಂದ 0.9 ಮಿಲಿಮೀಟರ್ ಒಳಗೇ ಇರ್ತದ. ಪ್ಲಗ್ ಕ್ಯಾಪ್ ಸಡ್ಲ ಇದ್ರ, ವಾಯರ್ ಸೀಳಿದ್ರ, ರಾತ್ರಿ ಕತ್ತಲದಾಗ ಗಾಡಿ ಚಾಲೂ ಮಾಡಿ ನೋಡ್ರಿ, ಕಿಡಿ ಹೊರಗ ಜಿಗಿಯೋದು ಕಾಣ್ತದ. ಹೊಸ ಪ್ಲಗ್ ಹಾಕೋ ಮುಂದ ಮೊದ್ಲ ಕೈಯಿಂದಲೇ ತಿರುಗಿಸಿ ಕೂಡಿಸ್ರಿ, ಪಾನಾ ಆಮ್ಯಾಲ, ಹೆಡ್ಡಿನ ಒಳಗಿನ ಆಟಾ (ಸ್ಕ್ರೂ ಸುತ್ತು) ಅಲ್ಯೂಮಿನಿಯಂ, ಒಮ್ಮೆ ಹೋಯ್ತಂದ್ರ ದೊಡ್ಡ ಖರ್ಚು.

ಚೋಕ್ ಹಾಕಿದ್ರ ಚಾಲೂ ಇರ್ತದ, ಚೋಕ್ ತೆಗೆದ್ರ ಸಾಯ್ತದ, ಬಿಸಿ ಆದ್ರೂ ಹಂಗೇ, ಏರ್ ಲೀಕೂ ಇಲ್ಲ ಅಂದ್ರ ಪೈಲಟ್ ಜೆಟ್ ಬಂದ್ ಆಗ್ಯದ. ಎರಡು ಮೂರು ತಿಂಗಳು ನಿಂತ ಗಾಡಿಗಿ ಇದು ಪಕ್ಕಾ, ಪೂನಾ ಹೈದ್ರಾಬಾದ್ ಕೆಲಸಕ್ಕ ಹೋಗಿ ಜಾತ್ರಿಗಿ ಊರಿಗಿ ಬಂದವ್ರ ಗಾಡಿ ಎಲ್ಲಾ ಹಿಂಗೇ. ಒಳಗಿನ ಪೆಟ್ರೋಲ್ ಆರಿ ಬೆಲ್ಲದ ಪಾಕದಂಗ ಅಂಟಾಗಿರ್ತದ. ಬಿಚ್ಚೋ ಮುಂದ ಅವಸರ ಬ್ಯಾಡ. ಕಾಕ್ ಬಂದ್ ಮಾಡ್ರಿ, ಪೈಪ್ ತೆಗೀರಿ, ಫಿಲ್ಟರ್ ಕಡಿ ಕ್ಲಾಂಪ್ ಸಡ್ಲ ಮಾಡ್ರಿ, ಇಂಜಿನ್ ಕಡಿ ಎರಡು ನಟ್ಟು, ಮ್ಯಾಲಿನ ಮುಚ್ಚಳ ಕೇಬಲ್ ಸಮೇತ, ಬಂತು. ಬಿಚ್ಚೋಕ್ಕಿಂತ ಮೊದ್ಲು ಮೊಬೈಲ್‌ನ್ಯಾಗ ನಾಕು ಫೋಟೋ ಹೊಡ್ಕೋರಿ, ಯಾವ ಪೈಪ್ ಎಲ್ಲಿತ್ತು ಅಂತ ಆಮ್ಯಾಲ ತಲಿ ಕೆರಕೋಬ್ಯಾಡ್ರಿ.

ಕೆಳಗಿನ ಬಟ್ಟಲ ಬಿಚ್ಚೋ ಮುಂದ ಒಂದು ಸ್ಟೀಲ್ ತಾಟು ಇಟ್ಟು ಅದರಾಗ ಬಿಚ್ರಿ. ನಾ ಮೊದ್ಲ ಸಲ ಅಂಗಳದ ಶಹಾಬಾದ್ ಪರ್ಸಿ ಮ್ಯಾಲ ಕೂತು ಬಿಚ್ಚಿದ್ದೆ, ಫ್ಲೋಟಿನ (ಪೆಟ್ರೋಲ್ ಮ್ಯಾಲ ತೇಲೋ ತುಣುಕಿನ) ಸಣ್ಣ ಪಿನ್ ಜಾರಿ ಪರ್ಸಿ ಸಂದ್ಯಾಗ ಹೋಯ್ತು, ರಾತ್ರಿ ಹನ್ನೊಂದರ ತನಕ ಬ್ಯಾಟರಿ ಹಿಡದು ಹುಡುಕಿ ಸಿಗದೇ, ಮುಂಜಾನಿ ನಮ್ಮವ್ವ ಕಸಾ ಹೊಡಿಯೋ ಮುಂದ ಸಿಕ್ತು. ಬಟ್ಟಲ ತೆಗೆದ್ರ ಒಳಗ ಎರಡು ಹಿತ್ತಾಳಿ ಜೆಟ್ ಇರ್ತಾವ, ದೊಡ್ಡದು ಮೇನ್, ಬಾಜೂಕ ಸಣ್ಣದು ಪೈಲಟ್. ಅಳತಿಗಿ ಬರಾಬರ್ ಕೂಡೋ ಸ್ಕ್ರೂಡ್ರೈವರೇ ಹಾಕ್ರಿ, ಹಿತ್ತಾಳಿ ಮೆತ್ತಗ, ತಲಿ ಸವದ್ರ ಹೊರಗ ಬರಲ್ಲ. ತೆಗೆದು ಬೆಳಕಿಗಿ ಹಿಡೀರಿ, ತೂತಿನಾಗಿಂದ ದುಂಡನೆ ಬೆಳಕು ಕಾಣಬೇಕು. ಕಾಣಲಿಲ್ಲಂದ್ರ ಕಾರ್ಬೋರೇಟರ್ ಕ್ಲೀನರ್ ಹೊಡದು ಅರ್ಧ ತಾಸು ನೆನಿಸ್ರಿ, ಆಮ್ಯಾಲ ಕರೆಂಟ್ ವಾಯರ್‌ನ್ಯಾಗಿನ ತಾಮ್ರದ ಒಂದೇ ಒಂದು ಎಳಿ ತಗೊಂಡು ಮೆಲ್ಲಗ ಹಾಕಿ ತೆಗೀರಿ. ಸೂಜಿ, ಟಾಚಣಿ, ಸ್ಟೀಲ್ ತಂತಿ ಹಾಕಿದ್ರ ತೂತು ದೊಡ್ಡದಾಗ್ತದ, ಆಮ್ಯಾಲ ಎಷ್ಟು ಟ್ಯೂನಿಂಗ್ ಮಾಡಿದ್ರೂ ಬರಲ್ಲ, ಜೆಟ್ ಬದಲಿ ಮಾಡೋದೇ ಗತಿ. ಜೆಟ್ ಕೂಡೋ ಜಾಗದ ಒಳಗಿನ ಹಾದಿಗೂ ಗಾಳಿ ಹೊಡೀಬೇಕು, ಬಾಜೂಕಿನ ಪಂಚರ್ ಅಂಗಡಿಗಿ ಒಯ್ದು ಹೊಡಿಸ್ಕೋರಿ, ಆದ್ರ ಫ್ಲೋಟ್ ಮತ್ತ ರಬ್ಬರ್ ಎಲ್ಲಾ ತೆಗೆದಮ್ಯಾಲ. ಭಾಳ ಮಂದಿ ಜೆಟ್ ತೊಳದು ಹಾದಿ ತೊಳಿಯಲ್ಲ, ಆಮ್ಯಾಲ "ಕ್ಲೀನ್ ಮಾಡಿದ್ರೂ ಹಂಗೇ ಅದರಿ" ಅಂತಾರ.

ಟ್ಯೂನಿಂಗ್. ಈಗ ಬಂತು ನೋಡ್ರಿ ಸ್ಕ್ರೂಡ್ರೈವರ್ ಪಾಳಿ. ಕಾರ್ಬೋರೇಟರ್‌ಗಿ ಎರಡು ಸ್ಕ್ರೂ. ಒಂದು ರೇಸ್ ಸ್ಕ್ರೂ, ಇದು ಬರೇ ಎಕ್ಸಲೇಟರ್ ಜರಾ ತೆರೆದು ಹಿಡೀತದ ಅಷ್ಟೇ, ಬ್ಯಾರೆ ಏನೂ ಮಾಡಲ್ಲ. ಇನ್ನೊಂದು ಮಿಕ್ಸ್‌ಚರ್ ಸ್ಕ್ರೂ. ಇದು ಫಿಲ್ಟರ್ ಕಡಿ ಇದ್ರ ಏರ್ ಸ್ಕ್ರೂ, ಒಳಗ ತಿರುಗಿಸಿದ್ರ ಗಾಳಿ ಕಡಿಮಿ, ಪೆಟ್ರೋಲ್ ಪಾಲು ಹೆಚ್ಚು. ಇಂಜಿನ್ ಕಡಿ ಇದ್ರ ಅದು ಪೆಟ್ರೋಲ್ ಸ್ಕ್ರೂ, ಲೆಕ್ಕ ಉಲ್ಟಾ, ಒಳಗ ತಿರುಗಿಸಿದ್ರ ಪೆಟ್ರೋಲ್ ಕಡಿಮಿ. ಇದು ತಿಳೀದೇ ತಿರುಗಿಸಿದವ್ರೇ ಹೆಚ್ಚು. ಮೊದ್ಲು ಈಗ ಎಷ್ಟು ಅದ ಅಂತ ಲೆಕ್ಕ ಇಟ್ಕೋರಿ, ಮೆಲ್ಲಗ ಒಳಗ ತಿರುಗಿಸ್ತಾ ಎಷ್ಟು ಸುತ್ತಿಗಿ ತಳ ಮುಟ್ತು ಅಂತ ಎಣಿಸ್ರಿ, ತಳ ಮುಟ್ಟಿದಮ್ಯಾಲ ಜೋರು ಹಾಕಿದ್ರ ಮೊನಿ ಕೆಡ್ತದ. ಮತ್ತ ಎರಡು ಸುತ್ತು ಹೊರಗ ತಂದು ಶುರು ಮಾಡ್ರಿ.

ಗಾಡಿ ಹತ್ತು ನಿಮಿಷ ಓಡಿಸ್ಕೊಂಡು ಬರ್ರಿ, ಥಂಡಿ ಇಂಜಿನ್ ಮ್ಯಾಲ ಮಾಡೋ ಟ್ಯೂನಿಂಗ್ ಟ್ಯೂನಿಂಗೇ ಅಲ್ಲ. ರೇಸ್ ಸ್ಕ್ರೂ ಜರಾ ಏರಿಸಿ ಸ್ಟ್ಯಾಂಡ್ ಮ್ಯಾಲ ಬಿಡ್ರಿ. ಮಿಕ್ಸ್‌ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸ್ರಿ, ಹತ್ತು ಸೆಕೆಂಡ್ ಕಿವಿ ಕೊಡ್ರಿ, ಮತ್ತ ಕಾಲು ಸುತ್ತು. ಒಂದು ಜಾಗಕ್ಕ ಇಂಜಿನ್ ತಾನೇ ಏರಿ ಒಂದೇ ಸಮ ತಿರುಗ್ತದ, ಅದನ್ನ ದಾಟಿದ್ರ ಮತ್ತ ತಗ್ಗಿ ತಡವರಸ್ತದ. ಆ ಏರಿದ ಜಾಗಕ್ಕ ವಾಪಸ್ ತಂದು ನಿಲ್ಲಿಸ್ರಿ. ಆಮ್ಯಾಲ ರೇಸ್ ಸ್ಕ್ರೂ ಹೊರಗ ತಗೊಂಡು ಸ್ಲೋ ಇಳಸ್ರಿ. ಈಗ ಎಕ್ಸಲೇಟರ್ ಒಮ್ಮೆ ಜರ್ರನೆ ತಿರುಗಿಸಿ ಬಿಡ್ರಿ, ತಡಮಾಡದೇ ಏರಬೇಕು, ಬಿಟ್ಟಾಗ ನೆಟ್ಟಗ ಇಳದು ನಿಲ್ಲಬೇಕು. ಏರೋ ಮುಂದ ಕೆಮ್ಮಿದ್ರ ಪೆಟ್ರೋಲ್ ಕಡಿಮಿ ಅದ, ಕಾಲು ಸುತ್ತು ಪೆಟ್ರೋಲ್ ಕಡಿ ತಿರುಗಿಸ್ರಿ. ಎಥನಾಲ್ ಪೆಟ್ರೋಲ್ ಬಂದಮ್ಯಾಲ ಹಳೇ ಗಾಡಿಗಿ ಹಿಂದಿನ ಸೆಟ್ಟಿಂಗ್‌ಗಿಂತ ಇಷ್ಟು ಪೆಟ್ರೋಲ್ ಹೆಚ್ಚು ಬೇಕಾಗ್ತದ ಅಂತ ನನ್ ಅನುಭವ, ಯಾಕಂದ್ರ ಎಥನಾಲ್ ಒಳಗೇ ಆಕ್ಸಿಜನ್ ಇರ್ತದ, ಅದಕ್ಕ ಅದೇ ಜೆಟ್‌ನ್ಯಾಗ ಮಿಕ್ಸ್‌ಚರ್ ಜರಾ ತೆಳ್ಳಗ ಆಗ್ತದ. ಆರ್‌ಪಿಎಂ ಮೀಟರ್ ಇಲ್ಲದ ಗಾಡಿಗಿ 1400 ಹ್ಯಾಂಗ ಗೊತ್ತಾಗಬೇಕು ಅಂತ ಕೇಳ್ತೀರಿ. ಕನ್ನಡಿ ನೋಡ್ರಿ, ನಡುಗಿ ಹಿಂದಿಂದೇನೂ ಕಾಣಲ್ಲಂದ್ರ ಸ್ಲೋ ಭಾಳ ತಗ್ಗ್ಯದ, ಫಸ್ಟ್ ಗೇರಿಗಿ ಹಾಕೋ ಮುಂದ ಖಟ್ ಅಂತ ಜೋರು ಬಡದ್ರ ಭಾಳ ಏರ್ಯದ.

ಬುಲೆಟ್‌ದವ್ರಿಗಿ ಒಂದು ಮಾತು. ಬುಲೆಟ್‌ಗಿ ಸಾವಿರದ ಸುತ್ತ ಮುತ್ತ ಸ್ಲೋ ಇರ್ತದ, ಅದನ್ನ ಇನ್ನಾ ಇಳಿಸಿ ಡುಗ್... ಡುಗ್... ಅಂತ ಬೀದರ್ ಕೋಟಿ ಮುಂದ ನಿಂತು ರೀಲ್ಸ್ ಮಾಡೋ ಹುಡುಗ್ರು ಅದಾರ, ಕೇಳ್ಲಿಕ್ಕ ಚಂದ ಖರೇ. ಆದ್ರ ಆಯಿಲ್ ಪಂಪ್ ತಿರುಗೋದು ಇಂಜಿನ್ ಮ್ಯಾಲೇ, ಇಂಜಿನ್ ತಗ್ಗಿದ್ರ ಆಯಿಲ್ ಮ್ಯಾಲ ಏರೋದೂ ತಗ್ತದ. ನಿಮ್ ಗಾಡಿ, ನಿಮ್ ರೊಕ್ಕ.

ಇಷ್ಟೆಲ್ಲಾ ಮಾಡಿದ್ರೂ ಮುಂಜಾನಿ ಥಂಡಿದಾಗ ಚಲೋ, ಇಪ್ಪತ್ತು ನಿಮಿಷ ಓಡಿದಮ್ಯಾಲ ಸ್ಲೋ ನಿಲ್ಲಲ್ಲ, ಬಿಸಿದಾಗ ಕಿಕ್ ಹೊಡದ್ರೂ ಲಗು ಸ್ಟಾರ್ಟ್ ಆಗಲ್ಲ ಅಂದ್ರ ಟ್ಯಾಪೆಟ್ (ಇಂಜಿನ್ ಬಾಗಲಾ ಇದ್ದಂಗ ಇರೋ ವಾಲ್ ಒತ್ತೋ ತುಣುಕು) ಟೈಟ್ ಇರಬೋದು. ಬಿಸಿ ಆದಾಗ ವಾಲ್ ಉದ್ದ ಆಗ್ತದ, ಸಂದು ಇರಲಿಲ್ಲಂದ್ರ ಪೂರಾ ಮುಚ್ಚಲ್ಲ, ಕಂಪ್ರೆಷನ್ ಸೋರ್ತದ. ಟ್ಯಾಪೆಟ್ ಸಡ್ಲ ಇದ್ರ ಟಕ್ಟಕ್ ಆವಾಜ್ ಬರ್ತದ, ಎಲ್ಲಾರೂ ಓಡಿ ಹೋಗಿ ಮಾಡಿಸ್ತಾರ, ಟೈಟ್ ಇದ್ರ ಆವಾಜೇ ಇರಲ್ಲ, "ಇಂಜಿನ್ ಎಷ್ಟು ಸ್ಮೂತ್ ಅದ ನೋಡ್ರಿ" ಅಂತ ಖುಷಿ ಪಡ್ತಾರ, ಒಳಗ ವಾಲ್ ಸುಡ್ಲಕತ್ತಿರ್ತದ. ಇದನ್ನ ಪೂರಾ ಥಂಡಿ ಇಂಜಿನ್ ಮ್ಯಾಲೇ, ಮ್ಯಾಗ್ನೆಟ್ ಮ್ಯಾಲಿನ ಟಿ ಗುರ್ತು ಕೂಡಿಸಿ, ಎರಡೂ ಟ್ಯಾಪೆಟ್ ಸಡ್ಲ ಇರೋ ಕಂಪ್ರೆಷನ್ ಪಾಳಿದಾಗ ಫೀಲರ್ ಗೇಜ್ (ಸಂದು ಅಳಿಯೋ ತೆಳ್ಳನ ಪಟ್ಟಿ) ಹಾಕಿ ಮಾಡಬೇಕು. ಅಳತಿ ಮಿಲಿಮೀಟರ್‌ನ ನೂರನೇ ಪಾಲಿನ ಲೆಕ್ಕ, ಮಾಡೆಲ್ ಮ್ಯಾಲ ಬದಲಾಗ್ತದ, ನಿಮ್ ಗಾಡಿ ಪುಸ್ತಕ ನೋಡ್ರಿ. ಫೀಲರ್ ಗೇಜ್ ಇಲ್ಲದೇ ಕೈಯಾಗೇ ಅಂದಾಜು ಮಾಡೋ ಮಿಸ್ತ್ರಿ ಇದ್ರ ನಮಸ್ಕಾರ ಹೇಳಿ ವಾಪಸ್ ಬರ್ರಿ.

2020ರ ಏಪ್ರಿಲ್ ಆದಮ್ಯಾಲ ತಗೊಂಡ ಬಿಎಸ್6 ಗಾಡಿ ಇದ್ರ ಮ್ಯಾಲ ಹೇಳಿದ ಜೆಟ್ ಸ್ಕ್ರೂ ಕಥಿ ಹೆಚ್ಚಾಗಿ ನಿಮ್ದಲ್ಲ. ಹೆಚ್ಚಿನವು ಎಫ್ಐ (ಫ್ಯುಯೆಲ್ ಇಂಜೆಕ್ಷನ್, ಕಾರ್ಬೋರೇಟರ್ ಇರಲ್ಲ), ಅವುಕ್ಕ ಸ್ಲೋ ಎಷ್ಟಿರಬೇಕು ಅಂತ ಕಂಪ್ಯೂಟರೇ ನೋಡ್ಕೋತದ. ಬಣ್ಣ ಹಚ್ಚಿ ಸೀಲ್ ಮಾಡಿದ ಸ್ಕ್ರೂ ಕಂಡ್ರ ಮುಟ್ಟಬ್ಯಾಡ್ರಿ, ಥ್ರೋಟಲ್ ಸೆನ್ಸರ್ ಅಂತೂ ಸಡ್ಲ ಸುದ್ದಾ ಮಾಡಬ್ಯಾಡ್ರಿ. ನಿಮ್ ಕೈಲಿ ಆಗೋದು ಇಷ್ಟು. ಮೊದ್ಲು ಬ್ಯಾಟರಿ, ಕಿಕ್ ಹೊಡಿಯೋ ಹಳೇ ಗಾಡಿ ಬ್ಯಾಟರಿ ಸತ್ರೂ ಹ್ಯಾಂಗೋ ನಡೀತಿದ್ವು, ಎಫ್ಐ ಗಾಡಿ ಬ್ಯಾಟರಿ ಸೊರಗಿದ್ರ ಸ್ಲೋದಾಗೇ ಮೊದ್ಲು ತೋರಿಸ್ತದ. ಇಂಜಿನ್ ಬಂದ್ ಇದ್ದಾಗ 12.4 ವೋಲ್ಟ್‌ಗಿಂತ ಕಡಿಮಿ ಇದ್ರ ಚಾರ್ಜ್ ಮಾಡ್ರಿ, ರೇಸ್ ಕೊಟ್ಟಾಗ 14ರ ಆಸುಪಾಸು ಬರಬೇಕು, ಬರಲಿಲ್ಲಂದ್ರ ಚಾರ್ಜಿಂಗ್ ಕೆಟ್ಟದ. ಟರ್ಮಿನಲ್ ಮ್ಯಾಲ ಹಸ್ರು ಪುಡಿ ಕೂತಿದ್ರ ಬಿಸಿ ನೀರಾಗ ತೊಳದು ಬಿಗೀರಿ. ಆಮ್ಯಾಲ ಮೀಟರ್ ಮ್ಯಾಲ ಇಂಜಿನ್ ಲೈಟ್, ಚಾಲೂ ಆದಮ್ಯಾಲೂ ಹೋಗಲಿಲ್ಲಂದ್ರ ಕಂಪ್ಯೂಟರ್ ಏನೋ ಹೇಳ್ಲಕತ್ತದ, ಸುಮಾರು ಗಾಡಿದಾಗ ಅದು ಎಷ್ಟು ಸಲ ಮಿಣುಕ್ತದ ಅನ್ನೋದೇ ಕೋಡ್, ಎಣಿಸಿ ಬರಕೊಂಡು ಹೋಗ್ರಿ. ಲೈಟ್ ಇಲ್ಲ, ಬ್ಯಾಟರಿ ಚಲೋ ಅದ, ಆದ್ರೂ ಸ್ಲೋ ಏರಿಳೀತದ ಅಂದ್ರ ಥ್ರೋಟಲ್ ಬಾಡಿ (ಇಂಜಿನ್ನಿಗಿ ಗಾಳಿ ಬಿಡೋ ಬಾಗಲಾ) ಒಳಗ ಮಸಿ ಕೂತು ಗಾಳಿ ಹೋಗೋ ಸಣ್ಣ ಹಾದಿ ಮುಚ್ಚಿರ್ತದ, ಅದನ್ನ ತೊಳಿಸ್ರಿ, ಇಂಜೆಕ್ಟರ್ ಬದಲಿ ಮಾಡೋ ಮಾತು ಅದಾದಮ್ಯಾಲ.

ಕಾರ್ಬೋರೇಟರ್ ಗಾಡಿದವ್ರು ಸೆಟ್ ಆದಮ್ಯಾಲ ಮನ್ಯಾಗ ನೇಲ್ ಪಾಲಿಶ್ ಇರ್ತದ, ಕೇಳಿ ಇಸ್ಕೊಂಡು ಎರಡೂ ಸ್ಕ್ರೂ ತಲಿಯಿಂದ ಕಾರ್ಬೋರೇಟರ್ ಮೈ ಮ್ಯಾಲ ಬರೋ ಹಂಗ ಒಂದೊಂದು ಸಣ್ಣ ಗೆರಿ ಎಳೀರಿ. ನನ್ ಗಾಡಿಗಿ ಕೆಂಪು ಗೆರಿ ಅದ. ವಾಟರ್ ಸರ್ವೀಸಿಂಗ್ ಕೊಟ್ಟು ತಂದಾಗೊಮ್ಮೆ ಬಗ್ಗಿ ನೋಡ್ತೀನಿ, ಹೋದ ತಿಂಗಳು ಮತ್ತ ಯಾರೋ ಕಾಲು ಸುತ್ತು ತಿರುಗಿಸಿದ್ರು.